ಬಾಗಿಲು ಹಾಕದ ಕುಸ್ತಿ

ಕುಡಚಿಯ ರೈಲು ಸೇತುವೆಯಿಂದ ಕೆಳಕ್ಕೆ ಕೃಷ್ಣೆಯ ದಂಡೆಗುಂಟ ಇರುವ ಊರುಗಳಲ್ಲಿ ರಾವಸಾಹೇಬರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕುಸ್ತಿ ಕಲಿಸುವ ವಸ್ತಾದರೆಂದರೆ ಸಾಕು, ಯಾರೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಹೊಳೆಗೆ ಪಂಪುಗಳು ಕೂತು ಕರಿ ನೆಲವೆಲ್ಲ ಕಬ್ಬಾದ ಮೇಲೆ ಅವರು ದೊಡ್ಡ ಹೊಲಮನೆಯವರೆನಿಸಿದ್ದರು. ಏರಿನ ಮೇಲೆ ದ್ರಾಕ್ಷಿಯನ್ನೂ ಹಬ್ಬಿಸಿದ್ದರು. ಆದರೂ ಅವರ ಮಾನ ನಿಂತದ್ದು ಕಬ್ಬಿನ ಮೇಲಲ್ಲ, ದ್ರಾಕ್ಷಿಯ ಮೇಲಲ್ಲ. ಊರ ಗರಡಿಯಾದ ತಾಲೀಮಿನ ಕೆಮ್ಮಣ್ಣಿನ ಮೇಲೆ. ಆ ಮಣ್ಣಿನಲ್ಲಿ ಬೆವರು ಸುರಿಸಿ ಬೆಳೆದ ಪೈಲವಾನರು ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳ ಕಣಗಳಲ್ಲಿ ಹೆಸರು ಮಾಡಿದ್ದರು.

ರಾವಸಾಹೇಬರ ತಾಲೀಮಿಗೆ ಅದರದೇ ಆದ ಕಟ್ಟಳೆಗಳಿದ್ದವು. ಪೈಲವಾನನೊಬ್ಬ ಕೈಯೆತ್ತಿ ಕಣದ ಸುತ್ತ ಒಂದು ಸುತ್ತು ಬರಬೇಕು. ಕೂತ ಮಂದಿಯಲ್ಲಿ ಯಾರು ಬೇಕಾದರೂ ಎದ್ದು ಅವನಿಗೆ ಜೋಡಿಯಾಗಬಹುದು. ಯಾರೂ ಏಳದಿದ್ದರೆ ಅದು ಗೆಲುವಲ್ಲ. ಆಗ ವಸ್ತಾದನೇ ಅಂಗಿ ಬಿಚ್ಚಿಟ್ಟು ಕಣಕ್ಕಿಳಿಯಬೇಕು. ತನ್ನ ಶಿಷ್ಯನನ್ನು ತಾನೇ ಕೆಡವಲು ಮನಃಪೂರ್ವಕವಾಗಿ ಹೆಣಗಬೇಕು. ಅವನೆದುರು ನಿಂತು ಉಳಿದರೆ ಮಾತ್ರ ಹುಡುಗನ ತಲೆಗೆ ಗೆಲುವಿನ ರುಮಾಲು, ಪಟಕಾ. ಇನ್ನೊಂದು ಕಟ್ಟಳೆಯೂ ಇತ್ತು. ಗೆದ್ದವನಿಗೆ ಪಟಕಾ ಸುತ್ತುವ ಕೈ ಸೋತವನದಾಗಿರಬಾರದು. ಸೋತವನು ಕಟ್ಟಿದ ಪಟಕಾದಲ್ಲಿ ಒಪ್ಪಂದದ ವಾಸನೆ ಬರುತ್ತದೆಂದು ಹಿಂದಿನವರು ಹೇಳಿದ್ದರು. ಒಳಗೊಳಗೆ ಮಾತಾಡಿಕೊಂಡ ಕುಸ್ತಿಯನ್ನು ರಾವಸಾಹೇಬರು ತಮ್ಮ ಆಯುಷ್ಯದಲ್ಲಿ ಆಡಿಸಿದವರಲ್ಲ, ಆಡಿಸಿದವರ ಮನೆಯಲ್ಲಿ ನೀರು ಕುಡಿದವರಲ್ಲ.

ಇಂಥವರ ಮಗಳು ಮಂಗಲ. ರಾಯಬಾಗದ ಹೈಸ್ಕೂಲಿನಿಂದ ಧಾರವಾಡದ ಕೃಷಿ ವಿದ್ಯಾಲಯಕ್ಕೆ ಹೋದವಳು ಒಂದು ಡಿಗ್ರಿ ಮುಗಿಸಿ ಬಂದಳು, ಮತ್ತೊಂದಕ್ಕೆ ಹೋದಳು, ಅದನ್ನೂ ಮುಗಿಸಿ ಬಂದು ಇನ್ನು ಪಿಎಚ್.ಡಿ. ಮಾಡುವೆನೆಂದಳು. ತೊಂಬತ್ತರ ಸುಮಾರಿನ ಮಾತು ಅದು. ತಾಯಿ ಕಸ್ತೂರೆವ್ವನಿಗೆ ಮಗಳ ಕಲಿಕೆ ಬಾವಿಯ ಹಗ್ಗದಂತೆ ಕಂಡಿತು. ಎಷ್ಟು ಜಗ್ಗಿದರೂ ಕೊಡ ಮೇಲೆ ಬರಲೊಲ್ಲದು. ಊರವರು ಇನ್ನೇನು ಆಕೆ ಸೂಜಿ ಹಾಕುವ ಡಾಕ್ಟರಾಗುವಳೆಂದು ನಂಬಿ ಮಂಡಿನೋವು, ಎದೆಯುರಿಗಳನ್ನು ಕೂಡಿಡತೊಡಗಿದರು. ಮಣ್ಣಿನ ವಿದ್ಯೆಯೆಂದು ತಿಳಿದ ಮೇಲೆ ನಿರಾಶರಾಗಿ ಅವಳಿಗೆ ಮಣ್ಣಿನ ಡಾಕ್ಟರೆಂದು ಹೆಸರಿಟ್ಟು ಸುಮ್ಮನಾದರು.

ಮಂಗಲ ಹಿಡಿದ ವಿಷಯ ಸವಳು. ಹೊಳೆಯ ನೀರು ಹರಿದಲ್ಲೆಲ್ಲ ಮೊದಲು ಕಬ್ಬು ಆಳೆತ್ತರ ನಿಂತು ನಕ್ಕಿತ್ತು. ಕೆಲವು ವರ್ಷ ಕಳೆದ ಮೇಲೆ ತಗ್ಗಿನ ಹೊಲಗಳು ಒಂದೊಂದಾಗಿ ಬೆಳ್ಳಗಾಗತೊಡಗಿದವು. ಬೇಸಿಗೆಯಲ್ಲಿ ನೋಡಿದರೆ ಯಾರೋ ಉಪ್ಪಿನ ಚೀಲವನ್ನು ಬಿಚ್ಚಿ ಚೆಲ್ಲಿದಂತೆ. ಮಳೆಗಾಲದಲ್ಲಿ ಕಾಲಿಟ್ಟರೆ ಮೊಳಕಾಲ ತನಕ ಹೂತು ಹೋಗುವ ಜವಳು. ಹೀಗೆ ಕೆಟ್ಟ ಹೊಲಗಳಲ್ಲಿ ಎಲ್ಲಕ್ಕಿಂತ ಮೊದಲು ಕೆಟ್ಟದ್ದು ಕಾಮಣ್ಣನದು.

ಕಾಮಣ್ಣ ಕುರಿ ಕಾಯುವ ಮನೆತನದವನು. ಹಳ್ಳ ಹೊಳೆಗೆ ಸೇರುವಲ್ಲಿ ಅಜ್ಜನ ಕಾಲದಿಂದ ಬಂದ ತುಂಡು ಹೊಲವೊಂದಿತ್ತು. ಹರೆಯದಲ್ಲಿ ಅದೇ ತಾಲೀಮಿನಲ್ಲಿ ಸಾಮು ಮಾಡಿದವನಾದ್ದರಿಂದ ರಾವಸಾಹೇಬರೊಂದಿಗೆ ಮಾತಿಗೆ ಸಲಿಗೆ ಇತ್ತು. ಹೊಲದಲ್ಲಿ ಜೋಳ ಹುಟ್ಟದಾದಾಗ ಅವನು ಯಾರನ್ನೂ ದೂರಲಿಲ್ಲ. ಹಣೆಬರಹದಲ್ಲಿ ಉಪ್ಪು ಹೆಚ್ಚಾಗಿರಬೇಕೆಂದು ನಕ್ಕು, ಕುರಿಗಳ ಬೆನ್ನು ಹತ್ತಿ ಹೋದ. ಮಂಗಲ ಆ ಹೊಲದಲ್ಲೂ ಅದರ ಸುತ್ತಲಿನ ಹೊಲಗಳಲ್ಲೂ ನೆಲಕ್ಕೆ ಕೊಳವೆಗಳನ್ನು ಇಳಿಸಿ, ಒಳಗಿನ ನೀರು ಎಷ್ಟು ಮೇಲೇರಿತು, ಎಷ್ಟು ಕೆಳಗಿಳಿಯಿತು ಎಂದು ಅಳೆಯಲು ಕೂತಾಗ ಅವನು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನಿಂತು ನೋಡಿದ.

"ನೆಲಕ್ಕ ಕೊಳವಿ ಹಾಕಿ ಹಾಲ ಹಿಂಡತೀಯೇನವ್ವಾ?" ಎಂದು ಕೇಳಿದ.

"ಹಾಲಲ್ಲ ಕಾಕಾ, ಇದರ ಕಣ್ಣೀರ ಎಲ್ಲಿಂದ ಬರತೈತಿ ನೋಡಾಕತ್ತೀನಿ" ಎಂದಳು ಮಂಗಲ.

ಅಂದಿನಿಂದ ಕಾಮಣ್ಣ ತನ್ನ ಕುರಿಗಳು ಆ ಕೊಳವೆಗಳಿಗೆ ಮೈ ತಿಕ್ಕದಂತೆ ಕಾಯ್ದ. ಪ್ರಬಂಧದಲ್ಲಿ ಅವನ ಪಾಲಿದ್ದರೆ ಅದು ಇಷ್ಟೇ. ಅದನ್ನು ಅವನು ದೊಡ್ಡದಾಗಿಯೇ ಹೇಳಿಕೊಳ್ಳುತ್ತಿದ್ದ.

ಆ ದಿನಗಳಲ್ಲಿ ಮಂಗಲಳ ಮಾರ್ಗದರ್ಶಕರಾದ ಪ್ರೊಫೆಸರ್ ಸತ್ಯಪ್ಪ ಹೊಲಗಳನ್ನು ಕಣ್ಣಾರೆ ನೋಡಲು ಊರಿಗೆ ಬಂದರು. ಚಿಕ್ಕೋಡಿ ಕಡೆಯವರೇ, ಹಾಲಂಡ್ ದೇಶದಲ್ಲಿ ಕಲಿತು ಡಾಕ್ಟರಾಗಿ ಬಂದವರು. ಹಾಲಂಡೆಂದರೆ ಸಮುದ್ರವನ್ನು ಒಡ್ಡು ಕಟ್ಟಿ ಹಿಂದೆ ದೂಡಿ, ಉಪ್ಪಿನ ನೆಲವನ್ನು ಬಸಿದು ಹೊಲ ಮಾಡಿದವರ ನಾಡೆಂದು ಮಂಗಲ ಮೊದಲೇ ಹೇಳಿದ್ದಳು. ಅಂಥಲ್ಲಿ ಪಳಗಿದವರು ಎಂಬ ಗೌರವದಿಂದ ರಾವಸಾಹೇಬರು ಅವರನ್ನು ಪಡಸಾಲೆಯಲ್ಲಿ ಎತ್ತರದ ಮಣೆಯ ಮೇಲೆ ಕೂರಿಸಿದರು. ಕಸ್ತೂರೆವ್ವ ರೊಟ್ಟಿ, ಝುಣಕ, ಗಟ್ಟಿ ಮೊಸರು ಬಡಿಸಿದಳು. ಊಟವಾದ ಮೇಲೆ ರಾವಸಾಹೇಬರು ಬಹಳ ದಿನಗಳಿಂದ ನಾಲಗೆಯ ತುದಿಯಲ್ಲಿದ್ದುದನ್ನು ಕೇಳಿದರು: ಈ ಡಾಕ್ಟರಕಿ ಅಂದರೆ ಏನು? ಎಷ್ಟು ಪುಸ್ತಕ ಓದಿದರೆ ಅದು ಬರುತ್ತದೆ?

ಓದಿ ಬರುವುದಲ್ಲ ಎಂದರು ಸತ್ಯಪ್ಪನವರು. ಇದ್ದುದನ್ನೆಲ್ಲ ಓದಿ ತಿಳಿದವನು ಪಂಡಿತ. ಅದಕ್ಕೆ ಕೆಳಗಿನ ಡಿಗ್ರಿಗಳು ಸಾಕು. ಜಗತ್ತಿನಲ್ಲಿ ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ ಒಂದು ಸಂಗತಿಯನ್ನು, ಎಳ್ಳಿನಷ್ಟೇ ಇರಲಿ, ತಾನಾಗಿ ಕಂಡುಹಿಡಿಯಬೇಕು. ಆಮೇಲೆ ಆ ವಿಷಯವನ್ನು ಅರೆದು ಕುಡಿದವರೆದುರು ನಿಂತು, ಅವರು ಎತ್ತ ಜಗ್ಗಿದರೂ ಅದು ಬೀಳದಂತೆ ಕಾಯಬೇಕು. ಆಗ ಡಾಕ್ಟರು.

ರಾವಸಾಹೇಬರು ತೊಡೆ ತಟ್ಟಿದರು. "ಅಂದ್ರ ಹೊಸಾ ಪಟ್ಟು. ಇದ್ದ ಪಟ್ಟು ಎಲ್ಲಾ ಕಲತಾಂವ ಪೈಲವಾನ. ಯಾರೂ ಹಾಕಲಾರದ ಪಟ್ಟು ಹಾಕಿ ತೋರಿಸಿದಾಂವ ಡಾಕ್ಟರ."

ಇಷ್ಟು ಚೊಕ್ಕವಾಗಿ ತಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯೂ ಹೇಳಿಲ್ಲವೆಂದು ಸತ್ಯಪ್ಪನವರು ನಕ್ಕರು. ಹಾಗಾದರೆ ಕುಸ್ತಿ ಹೇಗೆ ನಡೆಯುತ್ತದೆಂಬುದು ಮುಂದಿನ ಪ್ರಶ್ನೆಯಾಯಿತು. ಅದು ದೇಶ ನೋಡಿಕೊಂಡು ಬೇರೆಯೆಂದು ಹೇಳಿ ಅವರು ಒಂದೊಂದೇ ನಾಡಿನ ಪದ್ಧತಿಯನ್ನು ಬಿಚ್ಚಿದರು. ಅಮೆರಿಕೆಯಲ್ಲಿ ಹೋದೊಡನೆ ಸಂಶೋಧನೆಗೆ ಬಿಡುವುದಿಲ್ಲ. ಮೊದಲು ಮತ್ತೆ ಪಾಠ, ಅದರ ಮೇಲೆ ಬೆವರಿಳಿಸುವ ಪರೀಕ್ಷೆ, ಅದರಲ್ಲಿ ಪಾರಾದವರಿಗಷ್ಟೇ ಮುಂದಿನ ದಾರಿ. ಜರ್ಮನಿಯಲ್ಲಿ ಗೆದ್ದರೂ ಪ್ರಬಂಧವನ್ನು ಅಚ್ಚು ಹಾಕಿಸಿ ಲೋಕದ ಕೈಗೆ ಕೊಡುವ ತನಕ ಹೆಸರಿನ ಹಿಂದೆ ಡಾಕ್ಟರೆಂದು ಹಚ್ಚಿಕೊಳ್ಳುವಂತಿಲ್ಲ. ಪ್ರೊಫೆಸರಾಗಬೇಕಾದರೆ ಅದಕ್ಕಿಂತ ದೊಡ್ಡದಾದ ಇನ್ನೊಂದನ್ನು ಬರೆಯಬೇಕು. ರಷ್ಯದಲ್ಲಿ ನಮ್ಮ ಪಿಎಚ್.ಡಿ.ಗೆ ಸಮನಾದುದು ಬರಿಯ ಉಮೇದುವಾರಿಕೆ. ಡಾಕ್ಟರೆಂಬ ಹೆಸರು ಬರುವ ಹೊತ್ತಿಗೆ ಮನುಷ್ಯನ ತಲೆ ನರೆಯುತ್ತದೆ. ರಾವಸಾಹೇಬರು ಒಂದೊಂದಕ್ಕೂ ತಲೆದೂಗಿದರು. ಆದರೆ ಇಂಗ್ಲೆಂಡಿನಲ್ಲಿ ಇಬ್ಬರು ಪರೀಕ್ಷಕರು ಒಂದು ಕೋಣೆಯೊಳಗೆ ಕೂತು ಬಾಗಿಲು ಮುಚ್ಚಿ ಕೇಳುತ್ತಾರೆ, ಹೊರಗಿನವರಿಗೆ ಪ್ರವೇಶವಿಲ್ಲ ಎಂದಾಗ ಅವರ ಮುಖ ಹುಳ್ಳಗಾಯಿತು.

"ಬಾಗಲಾ ಹಾಕ್ಕೊಂಡ ಕುಸ್ತಿ? ಒಳಗ ಯಾರ ಬಿದ್ರು, ಯಾರ ಎದ್ರು, ಮಂದೀಗೆ ಹೆಂಗ ಗೊತ್ತಾಗಬೇಕ್ರಿ?"

ಆಸ್ಟ್ರೇಲಿಯದ ಮಾತು ಬಂತು. ಅಲ್ಲಿ ಬಹಳ ಕಡೆ ಎದುರು ನಿಲ್ಲುವ ಪರೀಕ್ಷೆಯೇ ಇಲ್ಲ. ಪ್ರಬಂಧವನ್ನು ದೂರದ ವಿದ್ವಾಂಸರಿಗೆ ಕಳಿಸುತ್ತಾರೆ, ಅವರು ಓದಿ ಅಭಿಪ್ರಾಯವನ್ನು ಬರೆದು ಕಳಿಸುತ್ತಾರೆ.

"ಟಪ್ಪಾಲಿನ್ಯಾಗ ಕುಸ್ತಿ" ಎಂದು ರಾವಸಾಹೇಬರು ಕಸ್ತೂರೆವ್ವನ ಕಡೆ ತಿರುಗಿ ಹೇಳಿದರು. ಅವಳು ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು.

ಹಾಲಂಡಿನದು ಅವರಿಗೆ ರುಚಿಸಿತು. ಅಲ್ಲಿ ಮಂದಿಯೆದುರೇ ಪರೀಕ್ಷೆ. ಉಮೇದುವಾರನ ಬೆನ್ನಿಗೆ ಅವನ ಇಬ್ಬರು ಗೆಳೆಯರು ಕಪ್ಪು ಪೋಷಾಕಿನಲ್ಲಿ ನಿಲ್ಲುತ್ತಾರೆ. ಗಂಟೆ ತುಂಬಿತೆಂದರೆ ಬೆತ್ತ ಹಿಡಿದ ಚೋಪದಾರನೊಬ್ಬ ಬಂದು ಹೊತ್ತಾಯಿತೆಂದು ಸಾರುತ್ತಾನೆ, ಅರ್ಧ ಮಾತಿನಲ್ಲಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ಸತ್ಯಪ್ಪನವರ ಬೆನ್ನಿಗೆ ನಿಂತವರಲ್ಲಿ ಒಬ್ಬರು ಅವರಿಗೆ ಕೋಣೆ ಬಾಡಿಗೆ ಕೊಟ್ಟ ಮನೆಯೊಡತಿ. ಎಲ್ಲಕ್ಕಿಂತ ಮಿಗಿಲಾಗಿ ರಾವಸಾಹೇಬರ ಮನಸ್ಸನ್ನು ಗೆದ್ದದ್ದು ಸ್ವೀಡನ್. ಅಲ್ಲಿ ಪರೀಕ್ಷೆಗೆ ಕೆಲವು ವಾರ ಮುಂಚೆ ಪ್ರಬಂಧವನ್ನು ವಿಶ್ವವಿದ್ಯಾಲಯದ ಗೋಡೆಗೆ ಮೊಳೆ ಹೊಡೆದು ತೂಗಿಬಿಡುತ್ತಾರೆ. ಯಾರು ಬೇಕಾದರೂ ಓದಿ ತಪ್ಪು ಹುಡುಕಬಹುದು. ಪರೀಕ್ಷೆಯ ದಿನ ಹೊರಗಿನ ವಿದ್ವಾಂಸನೊಬ್ಬನನ್ನು ಕರೆಸುತ್ತಾರೆ. ಅವನ ಹುದ್ದೆಯ ಹೆಸರೇ ಎದುರಾಳಿ. ಮಗ್ಗುಲಿನ ಫಿನ್ಲಂಡಿನಲ್ಲಿ ಗೆದ್ದವರಿಗೆ ಮುಂದೊಂದು ದಿನ ಉತ್ಸವ ಮಾಡಿ ಕರಿಯ ಟೊಪ್ಪಿಗೆ ತೊಡಿಸುತ್ತಾರೆ, ಸೊಂಟಕ್ಕೆ ಕತ್ತಿ ಕೊಡುತ್ತಾರೆ.

"ಎದುರಾಳಿ" ಎಂದು ರಾವಸಾಹೇಬರು ಆ ಮಾತನ್ನು ಬಾಯಲ್ಲಿಟ್ಟು ಸವಿದರು. "ಅವರು ಮನಷ್ಯಾರು. ಅವರಿಗೆ ತಾಲೀಮ ಗೊತ್ತೈತಿ." ಆಮೇಲೆ ನಮ್ಮಲ್ಲಿ ಹೇಗೆಂದು ಕೇಳಿದರು.

ನಮ್ಮಲ್ಲಿ ಎರಡನ್ನೂ ಕೂಡಿಸಿದ್ದೇವೆಂದರು ಸತ್ಯಪ್ಪನವರು. ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಅವರು ಒಪ್ಪಿದ ಮೇಲೆ ಒಬ್ಬರು ಇಲ್ಲಿಗೇ ಬಂದು ಸಭೆಯೆದುರು ಪ್ರಶ್ನಿಸುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಕೊನೆಯಲ್ಲಿ ಸಭೆಯಲ್ಲಿದ್ದ ಯಾರು ಬೇಕಾದರೂ ಕೇಳಬಹುದು.

"ಯಾರ ಬೇಕಾದವರು?"

"ಯಾರ ಬೇಕಾದವರು."

ರಾವಸಾಹೇಬರು ಮೀಸೆಯ ಮೇಲೆ ಕೈಯಾಡಿಸಿದರು. ನಾಡು ತನ್ನ ಕಲಿತವರನ್ನು ಹೀಗೆ ಬಯಲಿನಲ್ಲಿ ನಿಲ್ಲಿಸಿ ಪರೀಕ್ಷಿಸುತ್ತದೆಂಬುದನ್ನು ಅವರು ಅಲ್ಲಿಯವರೆಗೆ ಅರಿತಿರಲಿಲ್ಲ. ಜಗತ್ತಿನ ಇಷ್ಟೊಂದು ದೇಶಗಳು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು, ಆದರೂ ಹೊಸ ಮಾತನ್ನು ಆಡುವವನು ಮೊದಲು ಬಲ್ಲವರ ಕೈಯಲ್ಲಿ ಕೈ ಕೊಟ್ಟು ನಿಲ್ಲಬೇಕೆಂಬ ಒಂದೇ ಕಟ್ಟಳೆಗೆ ಎಲ್ಲವೂ ತಲೆಬಾಗಿವೆಯಲ್ಲ ಎಂದು ಅವರಿಗೆ ಬೆರಗಾಯಿತು. ಮಗಳು ಹಿಡಿದ ದಾರಿ ತಮ್ಮ ಮನೆಯ ದಾರಿಯೇ ಎಂದು ಆ ಮಧ್ಯಾಹ್ನ ಅವರಿಗೆ ಅನಿಸಿತು.

ಪ್ರಬಂಧ ಮುಗಿದು ಪರೀಕ್ಷಕರಿಗೆ ಹೋಯಿತು. ಮಂಗಲ ರಜೆಗೆ ಬಂದಾಗ ತಂದೆಗೆ ಅದರ ಸಾರವನ್ನು ಕನ್ನಡದಲ್ಲಿ ಹೇಳಿದಳು. ತಗ್ಗಿನ ಹೊಲಗಳು ಕೆಟ್ಟದ್ದು ಅವುಗಳ ದೋಷದಿಂದಲ್ಲ, ಹೊಳೆಯ ದೋಷದಿಂದಲ್ಲ. ಮೇಲಿನ ಹೊಲಗಳಲ್ಲಿ ಅಳತೆ ಮೀರಿ ಬಿಟ್ಟ ನೀರು ನೆಲದೊಳಗೇ ಜಾರಿ ಕೆಳಗೆ ಬಂದು, ಒಳಗಿನ ಉಪ್ಪನ್ನು ಹೊತ್ತುಕೊಂಡು ಮೇಲೇಳುತ್ತದೆ. ರಾವಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಮಗಳು ಪ್ರತಿ ಸಲವೂ ಮೇಲಿನ ಹೊಲವೆಂದಳು, ಕೆಳಗಿನ ಹೊಲವೆಂದಳು. ಯಾರದೆಂದು ಒಮ್ಮೆಯೂ ಹೇಳಲಿಲ್ಲ. ಕಾಮಣ್ಣನ ಹೊಲದ ಮೇಲಿನ ಹೊಲ ತಮ್ಮದೆಂಬುದನ್ನು ರಾವಸಾಹೇಬರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಕೇಳಲಿಲ್ಲ, ಕುಸ್ತಿಗೆ ಮುಂಚೆ ಪೈಲವಾನನ ಪಟ್ಟನ್ನು ವಸ್ತಾದ ಬಾಯಿಬಿಟ್ಟು ಕೇಳುವ ರೂಢಿಯಿಲ್ಲ. ಆದರೆ ಆ ಹೇಳದ ಮಾತು ಹಲ್ಲಿನ ಸಂದಿನ ಕಬ್ಬಿನ ಸಿಬರಿನಂತೆ ಉಳಿಯಿತು.

ಅದನ್ನು ಚುಚ್ಚಿ ನೋಯಿಸಿದವನು ಲಗಮಣ್ಣ. ಅವನೂ ಕಬ್ಬಿನವನು, ಅವನದೂ ಒಂದು ತಾಲೀಮಿತ್ತು. ಅವನ ಹೊಲ ರಾವಸಾಹೇಬರ ಹೊಲಕ್ಕಿಂತ ಇನ್ನೂ ಮೇಲೆ. ರಾಯಬಾಗದ ಸಂತೆಯ ದಿನ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೇಳುವಂತೆ ಅವನು ಮಾತು ತೆಗೆದ.

"ಗೈಡ ನಮ್ಮ ಸೀಮಿಯಾಂವ, ನಿನ್ನ ಮನ್ಯಾಗ ರೊಟ್ಟಿ ತಿಂದ ಹೋಗ್ಯಾನ. ಹುಡಿಗಿ ನಿನ್ನ ಮಗಳ. ಕುಸ್ತಿ ಆಗಲೇ ಮುಗದೈತಿ ಬಿಡೊ ರಾವಸಾಹೇಬಾ, ಪಟಕಾ ಅಷ್ಟ ಬಾಕಿ ಐತಿ. ಊರ ಹೊಲಾ ಎಲ್ಲಾ ಅಳದಾಳಂತ. ಅಪ್ಪನ ಹೊಲದ ಮಾತ ಬಂದಾಗ ಕೊಳವಿ ಏನಂತಂತ, ಕೇಳೀಯೇನ?"

ರಾವಸಾಹೇಬರು ಬಸಿಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು ಕೆಳಗಿಟ್ಟರು. "ಕಣಾ ಬಯಲಿನ್ಯಾಗ ಐತಿ. ನೀನೂ ಬಾ, ಕುಂತ ನೋಡು" ಎಂದಷ್ಟೇ ಹೇಳಿದರು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಅವರಿಗೆ ಸಮಾಧಾನವಿರಲಿಲ್ಲ. ಮಗಳು ಡಿಗ್ರಿ ಪಡೆಯುವಳೆಂಬುದರಲ್ಲಿ ಸಂದೇಹವಿರಲಿಲ್ಲ. ಪಡೆದದ್ದನ್ನು ಊರು ಒಪ್ಪುವುದೇ ಎಂಬುದೇ ಚಿಂತೆ. ಒಪ್ಪಂದದ ಪಟಕಾ ಎಂದು ಒಬ್ಬ ನಾಲಗೆ ಹೊರಳಿಸಿದರೂ ಅವಳು ಬಿಸಿಲಲ್ಲಿ ಕೂತು ಅಳೆದ ವರ್ಷಗಳೆಲ್ಲ ಹೊಳೆಗೆ ಹೋದಂತೆ. ಅದಕ್ಕಿಂತ ಆಳದಲ್ಲಿ ಇನ್ನೊಂದು ಅಂಜಿಕೆಯಿತ್ತು. ತಂದೆಯ ಮುಖ ನೋಡಿ ಮಗಳು ನಿಜವಾಗಿಯೂ ಒಂದು ಮಾತನ್ನು ನುಂಗಿದ್ದರೆ?

ಪರೀಕ್ಷೆಯ ದಿನ ಗೊತ್ತಾಯಿತು. ನಿಪ್ಪಾಣಿಯ ಪೇಟೆಯಲ್ಲಿ ಗುಲಾಬಿ ಬಣ್ಣದ ಪಟಕಾ ಕೊಂಡದ್ದಾಯಿತು. ರಾವಸಾಹೇಬರು ಒಂದು ಟೆಂಪೊ ಮಾಡಿಸಿ ಕಸ್ತೂರೆವ್ವನನ್ನೂ, ತಾಲೀಮಿನ ಕೆಲವು ಹಿರಿಯರನ್ನೂ, ಕಾಮಣ್ಣನನ್ನೂ ಕೂರಿಸಿಕೊಂಡು ನಸುಕಿಗೇ ಹೊರಟರು. ಲಗಮಣ್ಣನೂ ಬಂದ, ಬಾರದಿದ್ದರೆ ಸೋತಂತೆ ಎಂದು ಅವನಿಗೆ ತಿಳಿದಿತ್ತು. ಹಿರಿಯರಲ್ಲೊಬ್ಬರು ಗೆದ್ದಾಗ ಬಾರಿಸಲೆಂದು ಹಲಗೆಯನ್ನೂ ತಂದಿದ್ದರು. ಧಾರವಾಡದಲ್ಲಿ ಅದನ್ನು ಟೆಂಪೊದಲ್ಲೇ ಬಿಡಿಸಲು ಮಂಗಲ ಬಹಳ ಬೇಡಿಕೊಳ್ಳಬೇಕಾಯಿತು.

ಸಭಾಂಗಣದಲ್ಲಿ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಕೂತಿದ್ದರು. ರುಮಾಲು, ಕಂಬಳಿ, ಇಳಕಲ್ ಸೀರೆಗಳ ಒಂದು ಸಾಲು ಹಿಂದೆ ಬಂದು ಕೂತಾಗ ಎಲ್ಲರೂ ಒಮ್ಮೆ ಹೊರಳಿ ನೋಡಿದರು. ಪರದೆಯ ಮೇಲೆ ಚಿತ್ರಗಳು ಮೂಡಿದವು. ಮಂಗಲ ಇಂಗ್ಲಿಷಿನಲ್ಲಿ ಮಾತಾಡಿದಳು. ರಾವಸಾಹೇಬರಿಗೆ ಮಾತು ತಿಳಿಯಲಿಲ್ಲ, ನಿಲುವು ತಿಳಿಯಿತು. ಕಾಲು ಎಲ್ಲಿ ಊರಿದ್ದಾಳೆ, ಉಸಿರು ಎಲ್ಲಿ ಹಿಡಿದಿದ್ದಾಳೆ, ಎಲ್ಲಿ ಅಂಜದೆ ಮುಂದೆ ಹೋದಳು ಎಂಬುದನ್ನು ಅವರು ಕುಸ್ತಿ ನೋಡುವ ಕಣ್ಣಿನಿಂದಲೇ ನೋಡಿದರು. ಹೊರಗಿನಿಂದ ಬಂದ ಪರೀಕ್ಷಕರು ಪುಣೆಯ ಕಡೆಯವರು, ಬಿಳಿಗೂದಲಿನವರು. ಅವರು ಮೆತ್ತಗೆ ಕೇಳುತ್ತಿದ್ದರು, ಆದರೆ ಕೇಳಿದ್ದನ್ನು ಬಿಡುತ್ತಿರಲಿಲ್ಲ. ಒಂದು ಪ್ರಶ್ನೆಗೆ ಮಂಗಲ ಚಿಕ್ಕದೊಂದು ಉತ್ತರ ಕೊಟ್ಟಳು. ಗೊತ್ತಿಲ್ಲ ಅಂದಳೆಂದು ಪಕ್ಕದ ವಿದ್ಯಾರ್ಥಿನಿ ಕಸ್ತೂರೆವ್ವನ ಕಿವಿಯಲ್ಲಿ ಹೇಳಿದಳು. ಕಸ್ತೂರೆವ್ವ ಗಾಬರಿಯಾದಳು. ಆದರೆ ಬಿಳಿಗೂದಲಿನವರು ಆ ಉತ್ತರಕ್ಕೇ ತಲೆಯಾಡಿಸಿ ಹಾಳೆ ಮಗುಚಿದ್ದನ್ನು ರಾವಸಾಹೇಬರು ಕಂಡರು.

ಪರೀಕ್ಷಕರ ಪ್ರಶ್ನೆಗಳು ಮುಗಿದವು. ಅಧ್ಯಕ್ಷರು ಸಭೆಯತ್ತ ತಿರುಗಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೇಳಿದರು.

ಯಾರೂ ಮಾತಾಡಲಿಲ್ಲ. ಅದು ಅಲ್ಲಿಯ ರೂಢಿ. ಪರೀಕ್ಷಕರು ಒಪ್ಪಿದ ಮೇಲೆ ಸಭೆ ಸುಮ್ಮನಿರುವುದೇ ಮರ್ಯಾದೆ. ಹುಡುಗರು ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹೊರಗಿನಿಂದ ಚಹಾದ ಕಪ್ಪುಗಳ ಸದ್ದು ಕೇಳಿತು. ಮಂಗಲ ಹಗುರಾಗಿ ನಕ್ಕು ಕಾಗದಗಳನ್ನು ಕೂಡಿಸತೊಡಗಿದಳು.

ಆದರೆ ರಾವಸಾಹೇಬರ ಕಣ್ಣಿಗೆ ಅದು ಹಾಗೆ ಕಾಣಲಿಲ್ಲ. ಮಗಳು ಕೈಯೆತ್ತಿ ಕಣದ ಸುತ್ತ ಬಂದಿದ್ದಾಳೆ. ತುಂಬಿದ ಮಂದಿಯಲ್ಲಿ ಒಬ್ಬನೂ ಎದ್ದಿಲ್ಲ. ಮಗ್ಗುಲಲ್ಲಿ ಲಗಮಣ್ಣ ಸಣ್ಣಗೆ ಕೆಮ್ಮಿದ. ಆ ಕೆಮ್ಮಿನಲ್ಲಿ ಚಹಾದಂಗಡಿಯ ಮಾತೆಲ್ಲ ಇತ್ತು. ಯಾರೂ ಏಳದಿದ್ದರೆ ಇಳಿಯಬೇಕಾದವನು ವಸ್ತಾದ. ರಾವಸಾಹೇಬರು ಎದ್ದು ನಿಂತರು. ಕಸ್ತೂರೆವ್ವ ಅವರ ಧೋತರದ ಅಂಚನ್ನು ಹಿಡಿದು ಜಗ್ಗಿದಳು. ಅವರು ಮೆಲ್ಲಗೆ ಬಿಡಿಸಿಕೊಂಡರು. ಬಿಳಿಗೂದಲಿನವರಿಗೆ ಕೈಮುಗಿದು ಮರಾಠಿಯಲ್ಲಿ ಅಪ್ಪಣೆ ಬೇಡಿದರು, ಅವರು ತಮಗೆ ಕನ್ನಡವೂ ತಿಳಿಯುತ್ತದೆ, ಅವಶ್ಯ ಕೇಳಿರೆಂದರು. ಆಗ ಮಗಳ ಕಡೆ ತಿರುಗಿ, ಹುಟ್ಟಿದಂದಿನಿಂದ ಏಕವಚನದಲ್ಲಿ ಕರೆದವಳನ್ನು, ಎದುರಾಳಿಗೆ ಸಲ್ಲುವ ಮರ್ಯಾದೆ ಕೊಟ್ಟು ಕೇಳಿದರು.

"ಕೆಳಗಿನ ಹೊಲಾ ಸವಳಾಗಾಕ ಮ್ಯಾಲಿನ ಹೊಲದ ನೀರ ಕಾರಣ ಅಂತ ಬರದೀರಿ. ಬರೇ ಮ್ಯಾಲಿನ ಹೊಲಾ ಅಂದ್ರ ಯಾರಿಗೆ ತಿಳೀಬೇಕ್ರಿ? ಈ ಕಾಮಣ್ಣ ಇಲ್ಲೇ ಕುಂತಾನ. ಇವನ ಹೊಲಾ ಕೆಡಿಸಿದ ಮ್ಯಾಲಿನ ಹೊಲಾ ಯಾರದು?"

ಸತ್ಯಪ್ಪನವರು ಅರ್ಧ ಎದ್ದು, ಪ್ರಬಂಧದಲ್ಲಿ ಹೊಲಗಳಿಗೆ ಸಂಖ್ಯೆಗಳಿವೆಯೇ ಹೊರತು ಹೆಸರುಗಳಿಲ್ಲ, ಉಮೇದುವಾರಳು ಇದಕ್ಕೆ ಉತ್ತರಿಸಬೇಕಾಗಿಲ್ಲ ಎಂದರು. ಬಿಳಿಗೂದಲಿನವರು ಕೈಸನ್ನೆಯಿಂದ ಅವರನ್ನು ಕೂರಿಸಿದರು. ರಾವಸಾಹೇಬರು ಮಗಳ ಮುಖವನ್ನೇ ನೋಡುತ್ತಿದ್ದರು. ತಾವು ಹಾಕಿದ್ದು ತಮ್ಮ ಆಯುಷ್ಯದ ಅತಿ ಕಠಿಣ ಪಟ್ಟೆಂದು ಅವರಿಗೆ ಗೊತ್ತಿತ್ತು. ಅವಳು ಮೆತ್ತಗಾದರೆ, ಗೊತ್ತಿಲ್ಲವೆಂದು ಜಾರಿದರೆ, ಡಿಗ್ರಿ ಕೈಗೆ ಬಂದರೂ ಬೆನ್ನು ನೆಲಕ್ಕೆ ಹತ್ತಿದಂತೆ.

ಮಂಗಲ ಕಾಗದಗಳನ್ನು ಮೇಜಿನ ಮೇಲಿಟ್ಟಳು. ತಂದೆಯ ಕಣ್ಣಲ್ಲಿ ಕಣ್ಣಿಟ್ಟಳು.

"ನಿಮ್ದರಿ, ಅಪ್ಪಾ."

"ಹೆಂಗ ಹೇಳತೀರಿ?"

"ನೀವು ಕಬ್ಬಿಗೆ ನೀರ ಬಿಟ್ಟ ಮ್ಯಾಲ ಕಾಮಣ್ಣ ಕಾಕಾನ ಹೊಲದ ಕೊಳವ್ಯಾಗ ನೀರ ಏರತಿತ್ರಿ. ಪಂಪ ಕೆಟ್ಟು ಪಾಳಿ ತಪ್ಪಿದಾಗ ಇಳೀತಿತ್ತು. ಒಮ್ಮಿ ಅಲ್ಲ, ಪ್ರತೀ ಸಲಾನೂ."

"ಹೊಳಿ ಮಗ್ಗಲಕ್ಕ ಐತಿ. ಹೊಳಿ ನೀರ ಒಸರಿರಬಾರದ್ಯಾಕ?"

"ಬ್ಯಾಸಿಗ್ಯಾಗ ಹೊಳ್ಯಾನ ಬಂಡಿಗಲ್ಲ ಕಾಣತಿದ್ದೂವ್ರಿ. ಆವಾಗೂ ಕೊಳವಿ ತುಂಬಿತ್ತು. ಹೊಳಿ ಇಷ್ಟ ಕೆಳಗಿದ್ದಾಗ ನೀರ ಅಲ್ಲಿಂದ ಮ್ಯಾಲ ಹತ್ತಿ ಹೆಂಗ ಬಂದೀತು?"

ರಾವಸಾಹೇಬರು ಬಿಡಲಿಲ್ಲ. "ಅಂದ್ರ ಕೆಟ್ಟದ್ದೆಲ್ಲಾ ನನ್ನಿಂದನ ಅಂತೀರೇನು?"

"ಎಲ್ಲಾ ಅನ್ನೂದಿಲ್ರಿ. ಹೆಚ್ಚಿನ ಪಾಲ ನಿಮ್ದು. ಉಳದದ್ದು ಅದರ ಮ್ಯಾಲಿನ ಹೊಲದಿಂದ ಬಂದೈತೋ, ಕೆಳಗಿನ ಗರಸಿನ ಪದರದಿಂದ ಬಂದೈತೋ, ನನ್ನ ಕೊಳವಿ ಹೇಳಲಿಲ್ಲ. ಅದು ಹೇಳಲಾರದ್ದ ನಾ ಹೇಳೂದಿಲ್ರಿ."

ಅದರ ಮೇಲಿನ ಹೊಲವೆಂದಾಗ ಲಗಮಣ್ಣ ಕೆಮ್ಮುವುದನ್ನು ನಿಲ್ಲಿಸಿ ಸೀದಾ ಕೂತ.

ರಾವಸಾಹೇಬರು ಇನ್ನೂ ನಿಂತೇ ಇದ್ದರು. ತಮ್ಮ ಕಬ್ಬಿನ ನೀರೇ ಗೆಳೆಯನ ಹೊಲವನ್ನು ಕೊಂದಿತೆಂಬ ಮಾತು ಮಂದಿಯ ನಡುವೆ ಹಲಗೆ ಬಾರಿಸಿದಂತೆ ಸಾರಿಹೋಗಿತ್ತು. ಸಾರಿದವಳು ಹೆತ್ತ ಮಗಳು. ನಾಚಿಕೆಯಾಗಬೇಕಾದಲ್ಲಿ ಅವರ ಎದೆ ಹಿಗ್ಗಿತು. ಈ ಬಾಯಿ ಕೊಳವೆ ಹೇಳಿದ್ದಕ್ಕಿಂತ ಹೆಚ್ಚು ಹೇಳಲಿಲ್ಲ, ಅಪ್ಪನ ಮುಖಕ್ಕಾಗಿ ಕಡಿಮೆಯನ್ನೂ ಹೇಳಲಿಲ್ಲ. ಇಡೀ ಜಗತ್ತು ಗಂಟೆ ಹೊಡೆದು, ಮೊಳೆ ಹೊಡೆದು, ಕತ್ತಿ ಟೊಪ್ಪಿಗೆ ಕೊಟ್ಟು ಹುಡುಕುತ್ತಿರುವುದು ಇದನ್ನೇ ಇರಬೇಕು.

"ಮುಗೀತ್ರಿ" ಎಂದು ಅವರು ಬಿಳಿಗೂದಲಿನವರಿಗೆ ಕೈಮುಗಿದರು. "ನನ್ನ ಬೆನ್ನಿಗೆ ಮಣ್ಣ ಹತ್ತೇತಿ."

ಕಸ್ತೂರೆವ್ವ ಕೂತಲ್ಲಿಂದಲೇ ಪಿಸುಮಾತಿನಲ್ಲಿ ಸಿಟ್ಟಾದಳು. "ನಡು ಮಂದ್ಯಾ‍ಗ ನಿಲ್ಲಿಸಿ ಹೆತ್ತ ಮಗಳಿಗೆ ಹಿಂಗ ಕೇಳತಾರೇನ್ರಿ?"

"ಕೇಳಲಿಲ್ಲಂದ್ರ ಆಕೀ ಗೆದ್ದದ್ದ ಯಾರಿಗೆ ಗೊತ್ತಾಗತಿತ್ತು?" ಎಂದರು ರಾವಸಾಹೇಬರು.

ಪರೀಕ್ಷಕರು ಒಳಕೋಣೆಗೆ ಹೋಗಿ ಬಹಳ ಹೊತ್ತು ಮಾಡದೆ ಬಂದರು. ಬಿಳಿಗೂದಲಿನವರು ಎದ್ದು ನಿಂತು ಮಂಗಲಳಿಗೆ ಡಾಕ್ಟರ್ ಪದವಿ ಕೊಡಬೇಕೆಂದು ಶಿಫಾರಸು ಮಾಡಿರುವುದಾಗಿ ಸಾರಿದರು. ಮೇಲೆ ಎರಡು ಮಾತು ಸೇರಿಸಿದರು. ನಾನು ಹಲವು ದೇಶಗಳ ಪರೀಕ್ಷೆಗಳಲ್ಲಿ ಕೂತಿದ್ದೇನೆ, ಎದುರಾಳಿಯನ್ನು ಸಂಬಳ ಕೊಟ್ಟು ದೂರದಿಂದ ಕರೆಸುವುದನ್ನು ಕಂಡಿದ್ದೇನೆ. ತಂದೆಯೇ ಎದುರಾಳಿಯಾಗಿ ಎದ್ದದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಉತ್ತರ ಕೊಡಬೇಕಾಗಿಲ್ಲವೆಂಬ ರಿಯಾಯಿತಿ ಕೈಯಲ್ಲಿದ್ದಾಗಲೂ ಉತ್ತರ ಕೊಟ್ಟವರು ಪದವಿಗೆ ತಕ್ಕವರು ಎಂದರು.

ಆಗ ಪಟಕಾ ಹೊರಬಂತು. ಚೀಲದಿಂದ ಗುಲಾಬಿ ಬಣ್ಣ ಮಿಂಚಿದ ಕೂಡಲೇ ಹುಡುಗರು ಚಪ್ಪಾಳೆ ತಟ್ಟಿದರು. ಫಿನ್ಲಂಡಿನ ಟೊಪ್ಪಿಗೆ ಬಂತೆಂದು ಸತ್ಯಪ್ಪನವರು ನಕ್ಕರು. ರಾವಸಾಹೇಬರು ಅದನ್ನು ಬಿಡಿಸಿ, ಮಗಳ ಮುಂದೆ ಬಂದು, ಅಲ್ಲೇ ನಿಂತರು. ಕೈ ಮುಂದೆ ಹೋಗಲಿಲ್ಲ. ಮತ್ತೆ ಹಿಂದಿನ ಸಾಲಿಗೆ ತಿರುಗಿ ಕಾಮಣ್ಣನನ್ನು ಕರೆದರು.

"ನೀ ಕಟ್ಟೊ. ನಾ ಸೋತಾಂವ. ನನ್ನ ಕೈ ನಡ್ಯೂದಿಲ್ಲ."

ಕಾಮಣ್ಣ ಕಂಬಳಿಯನ್ನು ಕುರ್ಚಿಯ ಮೇಲಿಟ್ಟು ಬಂದ. ಮಗಳಂತಿದ್ದವಳ ತಲೆಗೆ ಪಟಕಾ ಸುತ್ತಿ ತುದಿಯನ್ನು ಸಿಕ್ಕಿಸಿದ.

"ನನ್ನ ಹಣೇಬಾರದಾಗ ಉಪ್ಪ ಐತಿ ಅಂದಿದ್ದೆ" ಎಂದ ಅವನು ರಾವಸಾಹೇಬರತ್ತ ಓರೆಗಣ್ಣಿನಲ್ಲಿ ನೋಡುತ್ತ. "ನೋಡಿದ್ರ ಅದು ನಿಮ್ಮ ಕಬ್ಬಿನ್ಯಾಗಿತ್ತಲ್ರಿ ವಸ್ತಾದ್ರ."

ಅದಕ್ಕೆ ಉತ್ತರವನ್ನು ರಾವಸಾಹೇಬರು ಊರಿಗೆ ಮರಳಿದ ಮೇಲೆ ಕೊಟ್ಟರು. ಆ ವರ್ಷದ ಕಬ್ಬು ಕಾರ್ಖಾನೆಗೆ ಹೋಗಿ ಹೊಲ ಬಯಲಾದೊಡನೆ ಅದರ ಕೆಳಗಿನ ಅಂಚಿನುದ್ದಕ್ಕೂ ಆಳವಾದ ಬಸಿಗಾಲುವೆಯೊಂದನ್ನು ತಮ್ಮದೇ ನೆಲದಲ್ಲಿ ಅಗೆಸಿ ಹಳ್ಳಕ್ಕೆ ಕೂಡಿಸಿದರು. ಎಷ್ಟು ಆಳ, ಎಷ್ಟು ಇಳಿಜಾರು ಎಂಬುದನ್ನು ಡಾಕ್ಟರ್ ಮಂಗಲ ಗೂಟ ನೆಟ್ಟು ತೋರಿಸಿದಳು. ಕಬ್ಬಿಗೆ ನೀರು ಬಿಡುವ ಮುಂಚೆ ಕೊಳವೆಯಲ್ಲಿ ಕೋಲು ಇಳಿಸಿ ನೋಡುವ ರೂಢಿ ಬಂತು. ಕಾಮಣ್ಣನ ಹೊಲ ಒಂದೇ ಮಳೆಗಾಲಕ್ಕೆ ಸರಿಯಾಗಲಿಲ್ಲ. ನೆಲದ ಗಾಯ ಮಾಯುವುದು ನಿಧಾನವೆಂದು ಅವಳು ಮೊದಲೇ ಹೇಳಿದ್ದಳು. ಆದರೆ ಎರಡನೆಯ ಹಿಂಗಾರಿಯಲ್ಲಿ ಮೇಲಿನ ಬದುವಿಗೆ ಹೊಂದಿ ಒಂದು ಪಟ್ಟಿಯಷ್ಟು ಜೋಳ ಮೊಳಕಾಲೆತ್ತರ ಬಂತು. ಕಾಮಣ್ಣ ಆ ಪಟ್ಟಿಗೆ ಕುರಿ ಬಾಯಿ ಹಾಕದಂತೆ ಕೊಳವೆಗಳನ್ನು ಕಾಯ್ದದ್ದಕ್ಕಿಂತ ಹೆಚ್ಚು ಎಚ್ಚರದಿಂದ ಕಾಯ್ದ.

ಆ ಜೋಳವನ್ನು ನೋಡಲು ಬಂದವರಲ್ಲಿ ಲಗಮಣ್ಣನೂ ಇದ್ದ. ಬದುವಿನ ಮೇಲೆ ಬಹಳ ಹೊತ್ತು ನಿಂತು, ಹುಲ್ಲುಕಡ್ಡಿ ಕಡಿಯುತ್ತ, ಕಡೆಗೆ ರಾವಸಾಹೇಬರ ಹತ್ತಿರ ಬಂದ. ಅವನ ದನಿ ಚಹಾದಂಗಡಿಯ ದನಿಯಾಗಿರಲಿಲ್ಲ.

"ನಿನ್ನ ಮಗಳಿಗೆ ಹೇಳಿ ನನ್ನ ಹೊಲದಾಗೂ ನಾಕ ಕೊಳವಿ ಹಾಕಸೊ. ನನ್ನ ನೀರ ಎಲ್ಲಿಗೆ ಹೋಗತೈತಿ ನೋಡೂಣು. ಆದ್ರ ಬಂದದ್ದ ನನಗಷ್ಟ ತಿಳಸಾಕ ಹೇಳು."

ರಾವಸಾಹೇಬರು ಮೀಸೆಯಲ್ಲೇ ನಕ್ಕರು.

"ಹಾಕಸ್ತೀನಿ. ಆದ್ರ ಬಾಗಲಾ ಹಾಕ್ಕೊಂಡು ಅಲ್ಲ. ಅದು ಬೇಕಂದ್ರ ಇಂಗ್ಲೆಂಡಿಗೆ ಹೋಗು."